ಕೌಂಟರ್ ಇಲ್ಲದ ಊರಿಗೆ ಹೊಸಬರು: ದಾವಣಗೆರೆಯಲ್ಲಿ ಕುಳಿತು ಹೈವ್ ಸೇರುವ ಬಗೆ

ಹೈವ್ ಎಂಬ ಬ್ಲಾಕ್‌ಚೈನ್ ಬರಹಗಾರರ ಬಳಗವನ್ನು ಸೇರಿದ ಮೊದಲ ತಿಂಗಳಲ್ಲೇ ನಾನು ಚನ್ನಗಿರಿ ಕಡೆಯಲ್ಲಿರುವ ನಮ್ಮ ದೊಡ್ಡಪ್ಪನ ಅಡಿಕೆ ತೋಟದ ಮೇಲೆ ಒಂದು ಬರಹ ಹಾಕಿದೆ. ಮೂರನೆಯ ಬೋರ್‌ವೆಲ್ ಎಷ್ಟು ಅಡಿಗೆ ಇಳಿಯಿತು, ಅದಕ್ಕಾಗಿ ಯಾರ ಬಳಿ ಎಷ್ಟು ಕೈಸಾಲ ತಂದರು ಎಂಬುದನ್ನೆಲ್ಲ, ಬರಹಕ್ಕೆ ಜೀವ ಬರಲಿ ಎಂದು, ಅಂಕಿಗಳ ಸಮೇತ ಬರೆದಿದ್ದೆ. ಮರುದಿನ ಓದಿ ಹೇಳಿದಾಗ ದೊಡ್ಡಪ್ಪ ಕೇಳಿದ್ದು ಒಂದೇ ಮಾತು: “ಸಾಲದ ವಿಷಯ ಊರ ಮುಂದೆ ಇಡಬೇಕಿತ್ತೇನಪ್ಪಾ?” ಕೂಡಲೇ ಆ ಎರಡು ಸಾಲುಗಳನ್ನು ತೆಗೆದೆ. ಪುಟದಲ್ಲಿ ಅವು ಮಾಯವಾದವು. ಬ್ಲಾಕ್‌ಚೈನ್ ಎಂದರೆ ಬರೆದದ್ದೆಲ್ಲ ಬ್ಲಾಕ್ ಎಂಬ ಕಂತೆಗಳಾಗಿ ಸರಪಳಿಯಂತೆ ಒಂದಕ್ಕೊಂದು ಸೇರಿ, ಹಲವರ ಕಂಪ್ಯೂಟರುಗಳಲ್ಲಿ ಉಳಿಯುವ ದಾಖಲೆ. ಆದರೆ ಬ್ಲಾಕ್‌ಗಳ ಒಳಗಿರುವುದನ್ನು ತೆರೆದು ತೋರಿಸುವ ಬ್ಲಾಕ್ ಎಕ್ಸ್‌ಪ್ಲೋರರ್‌ನಲ್ಲಿ ಹುಡುಕಿದರೆ ಮೊದಲು ಬರೆದದ್ದು ಬರೆದಂತೆಯೇ ಇತ್ತು, ಈಗಲೂ ಇದೆ. ಅಳಿಸಿಕೊಡಿ ಎಂದು ಅರ್ಜಿ ಹಿಡಿದು ನಿಲ್ಲಲು ಅಲ್ಲಿ ಕೌಂಟರ್ ಇಲ್ಲ.

ಹೊಸದಾಗಿ ಸೇರುವವರಿಗೆ ನಾನು ಹೇಳಬೇಕಾದುದರ ಮುಕ್ಕಾಲು ಪಾಲು ಈ ಒಂದು ಸಂಗತಿಯಿಂದಲೇ ಹೊರಡುತ್ತದೆ. ಬರೆದದ್ದನ್ನು ಅಳಿಸುವವರಿಲ್ಲ, ಕಳೆದ ಪಾಸ್‌ವರ್ಡ್ ಮರಳಿ ಕೊಡುವವರಿಲ್ಲ, ತಪ್ಪು ವಿಳಾಸಕ್ಕೆ ಹೋದ ಹಣವನ್ನು ಹಿಂದಕ್ಕೆ ತರಿಸುವವರಿಲ್ಲ. ನಿಮ್ಮ ಬರಹವನ್ನಾಗಲಿ ನಾಣ್ಯವನ್ನಾಗಲಿ ಕಸಿದುಕೊಳ್ಳುವ ಮಾಲೀಕನೂ ಇಲ್ಲವೆಂಬುದು ಅದರದೇ ಇನ್ನೊಂದು ಮುಖ. ಇದು ಬೇಕು ಎನ್ನಿಸಿದವರು ಮುಂದಕ್ಕೆ ಓದಬಹುದು.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 2016ರಲ್ಲಿ ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ ಸ್ಟೀಮ್ ಎಂಬ ಬ್ಲಾಕ್‌ಚೈನನ್ನೂ ಅದರ ಮೇಲೆ ಸ್ಟೀಮಿಟ್ ಎಂಬ ತಾಣವನ್ನೂ ಆರಂಭಿಸಿದರು. ಬರೆದವರಿಗೂ, ಓದಿ ಮತ ಹಾಕಿದವರಿಗೂ ನಾಣ್ಯದ ರೂಪದಲ್ಲಿ ಪ್ರತಿಫಲ ಕೊಡುವುದು ಅದರ ಹೊಸತನವಾಗಿತ್ತು. 2020ರ ಫೆಬ್ರವರಿಯಲ್ಲಿ ಟ್ರಾನ್ ಎಂಬ ಇನ್ನೊಂದು ಬ್ಲಾಕ್‌ಚೈನಿನ ಸಂಸ್ಥಾಪಕ ಜಸ್ಟಿನ್ ಸನ್ ಸ್ಟೀಮಿಟ್ ಕಂಪನಿಯನ್ನು ಕೊಂಡುಕೊಂಡಾಗ, ಕಂಪನಿಯ ಕೈಯಲ್ಲಿದ್ದ ಅಪಾರ ನಾಣ್ಯಗಳ ಬಲದಿಂದ ಇಡೀ ಜಾಲ ಒಬ್ಬರ ಹಿಡಿತಕ್ಕೆ ಹೋಗುತ್ತದೆಂದು ಬಳಗದವರು ಪ್ರತಿಭಟಿಸಿದರು. ಜಟಾಪಟಿ ನಡೆದು, 2020ರ ಮಾರ್ಚ್ 20ರಂದು ಹಳೆಯ ಬರಹಗಳನ್ನೂ ಸದಸ್ಯರ ಖಾತೆಗಳನ್ನೂ ಹೊತ್ತುಕೊಂಡು, ಕಂಪನಿಯ ಪಾಲಿನ ನಾಣ್ಯಗಳನ್ನು ಬಿಟ್ಟು, ಹೈವ್ ಎಂಬ ಬೇರೆ ಸರಪಳಿ ಕವಲೊಡೆಯಿತು. ಅಣ್ಣತಮ್ಮಂದಿರು ಪಾಲಾದಂತೆ ಎರಡೂ ಈಗ ಬೇರೆ ಬೇರೆ ಸಂಸಾರ. ಈ ಬರಹ ಹೈವ್‌ಗೆ ಸಂಬಂಧಿಸಿದ್ದು. ಇಲ್ಲಿ 3 ಸೆಕೆಂಡಿಗೊಂದು ಬ್ಲಾಕ್ ಸೇರುತ್ತದೆ. ಅದನ್ನು ಸೇರಿಸುವವರನ್ನು ವಿಟ್ನೆಸ್ ಎನ್ನುತ್ತಾರೆ. ಪ್ರತಿ ಸುತ್ತಿನಲ್ಲಿ ಸದಸ್ಯರ ಮತದಿಂದ ಮೇಲೆ ಬಂದ 20 ವಿಟ್ನೆಸ್‌ಗಳೂ, ಉಳಿದವರಿಂದ ಸರದಿಯ ಮೇಲೆ ಬರುವ ಒಬ್ಬರೂ ಸೇರಿ 21 ಮಂದಿ ಈ ಕೆಲಸ ಮಾಡುತ್ತಾರೆ.

ಖಾತೆ ಮತ್ತು ಹೆಸರು

ಖಾತೆ ತೆರೆಯಲು ಯಾರಿಗೂ ಹಣ ಕೊಡಬೇಕಾದ ಅಗತ್ಯವಿಲ್ಲ. ಹೊಸ ಖಾತೆಯನ್ನು ಸೃಷ್ಟಿಸುವುದಕ್ಕೆ ಸರಪಳಿಯಲ್ಲಿ 3 ಹೈವ್ (ಅಲ್ಲಿಯ ನಾಣ್ಯದ ಹೆಸರೂ ಇದೇ) ಶುಲ್ಕವಿದೆ, ನಿಜ. ಆದರೆ ಇಸೆನ್ಸಿಯಂತಹ ತಾಣಗಳು ಮಿಂಚಂಚೆ ವಿಳಾಸ ಪಡೆದು ಉಚಿತವಾಗಿ ಖಾತೆ ಮಾಡಿಕೊಡುವ ವ್ಯವಸ್ಥೆ ಇಟ್ಟುಕೊಂಡಿವೆ, ಈಗಾಗಲೇ ಸದಸ್ಯರಾಗಿರುವ ಪರಿಚಯದವರೂ ತಮ್ಮ ಬಳಿ ಕೂಡಿಟ್ಟ ಖಾತೆ ಟೋಕನ್‌ನಿಂದ ಮಾಡಿಕೊಡಬಲ್ಲರು. ಯಾರಾದರೂ ಹೋಟೆಲಿನಲ್ಲಿ ಬೆಣ್ಣೆ ದೋಸೆ ಕೊಡಿಸಿ, “ಇಷ್ಟು ಸಾವಿರ ಕಟ್ಟಿ, ಕೆಳಗೆ ಇಬ್ಬರನ್ನು ಸೇರಿಸಿ, ತಿಂಗಳಿಗೆ ಇಷ್ಟು ಬರುತ್ತದೆ” ಎಂದರೆ ದೋಸೆ ತಿಂದು ಎದ್ದು ಬನ್ನಿ. ಅದು ಬೇರೆಯೇ ದಂಧೆ, ಹೈವ್ ಅಲ್ಲ.

ಹೆಸರು ಇಂಗ್ಲಿಷಿನ ಚಿಕ್ಕಕ್ಷರಗಳಲ್ಲಿ, 3ರಿಂದ 16 ಅಕ್ಷರಗಳೊಳಗೆ ಇರಬೇಕು. ಅಂಕಿ, ಅಡ್ಡಗೆರೆ, ಚುಕ್ಕಿ ಸೇರಬಹುದು, ಆದರೆ ಮೊದಲ ಗುರುತು ಅಕ್ಷರವೇ ಆಗಿರಬೇಕು. ಒಮ್ಮೆ ಇಟ್ಟ ಹೆಸರನ್ನು ಬದಲಿಸಲು ಬರುವುದಿಲ್ಲ. ಆದ್ದರಿಂದ ಹುಟ್ಟಿದ ಇಸವಿಯನ್ನೋ, ಮೊಬೈಲ್ ನಂಬರಿನ ತುಣುಕನ್ನೋ, ಕೆಲಸದ ಕಚೇರಿಯ ಹೆಸರನ್ನೋ ಅದರಲ್ಲಿ ಸೇರಿಸಬೇಡಿ. ನಿಮ್ಮ ಖಾತೆಯಲ್ಲಿ ಎಷ್ಟು ನಾಣ್ಯವಿದೆ ಎಂಬುದು ಯಾರಿಗೆ ಬೇಕಾದರೂ ಕಾಣುತ್ತದೆ. ಹೆಸರಿನಿಂದ ಮನೆಯವರೆಗೆ ದಾರಿ ತೋರಿಸಿಕೊಡುವುದು ಜಾಣತನವಲ್ಲ.

ಪೀಕ್‌ಡಿ, ಇಸೆನ್ಸಿ, ಹೈವ್ ಬ್ಲಾಗ್ ಎಂದು ಹಲವು ಬಾಗಿಲುಗಳನ್ನು ನೋಡಿ ಹೊಸಬರು ಗಲಿಬಿಲಿಗೊಳ್ಳುತ್ತಾರೆ. ಎಲ್ಲವೂ ಓದುವುದು ಒಂದೇ ಸರಪಳಿಯನ್ನು. ಒಂದರಲ್ಲಿ ಹಾಕಿದ ಬರಹ ಇನ್ನೊಂದರಲ್ಲೂ ಕಾಣುತ್ತದೆ, ಒಂದೇ ಖಾತೆ ಎಲ್ಲದಕ್ಕೂ ಸಲ್ಲುತ್ತದೆ. ಮೊಬೈಲಿನಲ್ಲೇ ಬರೆಯುವವರಿಗೆ ಇಸೆನ್ಸಿ ಹಗುರ. ಲ್ಯಾಪ್‌ಟಾಪ್ ಇದ್ದವರಿಗೆ ಪೀಕ್‌ಡಿ ಅನುಕೂಲ ಎಂಬುದು ನನ್ನ ಅನುಭವ.

ಕೀಲಿಗಳು

ಖಾತೆ ಸಿದ್ಧವಾದ ಗಳಿಗೆಯಲ್ಲಿ ಪರದೆಯ ಮೇಲೆ ಒಂದು ಉದ್ದನೆಯ ಮಾಸ್ಟರ್ ಪಾಸ್‌ವರ್ಡ್ ಕಾಣಿಸುತ್ತದೆ. ಅದರಿಂದ ನಾಲ್ಕು ಕೀಲಿಗಳು ಹುಟ್ಟುತ್ತವೆ, ನಾಲ್ಕಕ್ಕೂ ಬೇರೆ ಬೇರೆ ಅಧಿಕಾರ. ಪೋಸ್ಟಿಂಗ್ ಕೀಲಿಯಿಂದ ಬರೆಯಬಹುದು, ಟಿಪ್ಪಣಿ ಹಾಕಬಹುದು, ಮತ ಕೊಡಬಹುದು. ಹಣ ಮುಟ್ಟಲು ಆಗದು. ಆಕ್ಟಿವ್ ಕೀಲಿಯಿಂದ ನಾಣ್ಯ ಕಳುಹಿಸಬಹುದು. ಮೆಮೊ ಕೀಲಿ ಗುಟ್ಟಿನ ಸಂದೇಶಗಳಿಗೆ. ಓನರ್ ಕೀಲಿ ಎಲ್ಲ ಕೀಲಿಗಳನ್ನೂ ಬದಲಿಸಬಲ್ಲದು. ಮನೆಯ ಲೆಕ್ಕದಲ್ಲಿ ಹೇಳುವುದಾದರೆ ಪೋಸ್ಟಿಂಗ್ ಎಂದರೆ ತಲೆಬಾಗಿಲ ಕೀಲಿಕೈ, ಆಕ್ಟಿವ್ ಎಂದರೆ ಬೀರುವಿನ ಕೀಲಿಕೈ, ಓನರ್ ಎಂದರೆ ಮನೆಯ ಕ್ರಯಪತ್ರ. ಕ್ರಯಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಯಾರೂ ಸಂತೆಗೆ ಹೋಗುವುದಿಲ್ಲ. ದಿನನಿತ್ಯದ ಬರವಣಿಗೆಗೆ ಪೋಸ್ಟಿಂಗ್ ಕೀಲಿಯೊಂದೇ ಸಾಕು. ಬೇರೆ ಯಾವುದನ್ನಾದರೂ ಕೇಳುವ ಪುಟವನ್ನು ಕಂಡಾಗ ನಿಂತು ಯೋಚಿಸಬೇಕು.

ಇವುಗಳನ್ನು ಉಳಿಸಿಕೊಳ್ಳುವ ವಿಷಯದಲ್ಲಿ ನಮ್ಮೂರಿನ ಒಂದು ಅಭ್ಯಾಸವನ್ನು ಎತ್ತಿ ಹೇಳಲೇಬೇಕು. ಆಧಾರ್ ಇರಲಿ, ಪಹಣಿ ಇರಲಿ, ಮಕ್ಕಳ ಅಂಕಪಟ್ಟಿ ಇರಲಿ, ನಾವು ಮೊದಲು ಮಾಡುವುದು ಜೆರಾಕ್ಸ್ ಅಂಗಡಿಯ ವಾಟ್ಸ್‌ಆ್ಯಪ್ ನಂಬರಿಗೆ ಕಳುಹಿಸಿ, “ಒಂದು ಪ್ರಿಂಟ್ ತೆಗೀರಿ” ಎನ್ನುವುದು. ಕೀಲಿಗಳ ಹಾಳೆಯನ್ನು ಹಾಗೆ ಮಾಡಬಾರದು. ಅಂಗಡಿಯವರು ಒಳ್ಳೆಯವರೇ ಆಗಿರಬಹುದು; ಆದರೆ ಆ ಕಡತ ಅವರ ಫೋನಿನಲ್ಲಿ, ಕಂಪ್ಯೂಟರಿನ ಡೌನ್‌ಲೋಡ್ ಫೋಲ್ಡರಿನಲ್ಲಿ, ಪ್ರಿಂಟರಿನ ನೆನಪಿನಲ್ಲಿ ಉಳಿಯುತ್ತದೆ, ಆ ಕಂಪ್ಯೂಟರಿನ ಮುಂದೆ ದಿನಕ್ಕೆ ನೂರು ಜನ ಹಾದುಹೋಗುತ್ತಾರೆ. ಸ್ಕ್ರೀನ್‌ಶಾಟ್ ತೆಗೆದರೆ ಅದು ಗೂಗಲ್ ಫೋಟೋಸ್‌ಗೆ ತಾನಾಗಿಯೇ ಏರಿ ಕುಳಿತಿರಬಹುದು.

ನಾನು ಕೈಯಲ್ಲೇ ಬರೆದೆ. ರೂಲು ಹಾಕಿದ ಹಾಳೆಯ ಮೇಲೆ, ನಾಲ್ಕು ನಾಲ್ಕು ಅಕ್ಷರಗಳ ನಡುವೆ ಜಾಗ ಬಿಟ್ಟು, ದೊಡ್ಡಕ್ಷರಗಳ ಕೆಳಗೆ ಗೆರೆ ಎಳೆದು. ಒಂದೊಂದು ಖಾಸಗಿ ಕೀಲಿಯೂ 5ರಿಂದ ಆರಂಭವಾಗಿ 51 ಗುರುತುಗಳಷ್ಟು ಉದ್ದ ಇರುತ್ತದೆ. ನೋಡಲು ಭಯವಾಗುತ್ತದೆ, ಆದರೆ ಇದನ್ನು ರೂಪಿಸಿದವರು ಕೈಬರಹದ ಕಷ್ಟವನ್ನು ಬಲ್ಲವರೇ: ಒಂದನ್ನು ಇನ್ನೊಂದೆಂದು ಓದಿಬಿಡಬಹುದಾದ ಸೊನ್ನೆ, ದೊಡ್ಡಕ್ಷರದ ಓ, ದೊಡ್ಡಕ್ಷರದ ಐ, ಚಿಕ್ಕಕ್ಷರದ ಎಲ್ ಈ ನಾಲ್ಕನ್ನು ಕೀಲಿಗಳಲ್ಲಿ ಬಳಸುವುದೇ ಇಲ್ಲ. ಆದ್ದರಿಂದ ದುಂಡಗೆ ಕಂಡದ್ದು ಚಿಕ್ಕಕ್ಷರದ ಓ, ನೆಟ್ಟಗೆ ಕಂಡದ್ದು ಒಂದು ಅಥವಾ ಚುಕ್ಕಿಯಿರುವ ಚಿಕ್ಕಕ್ಷರದ ಐ ಎಂದು ಧೈರ್ಯವಾಗಿ ಬರೆಯಬಹುದು. ಬರೆದಾದ ಮೇಲೆ ಪರದೆಯನ್ನು ನೋಡದೆ, ಹಾಳೆಯನ್ನು ಮಾತ್ರ ನೋಡಿ ಟೈಪ್ ಮಾಡಿ ಒಮ್ಮೆ ಲಾಗಿನ್ ಆಗಬೇಕು. ನನ್ನ ಮೊದಲ ಹಾಳೆಯಲ್ಲಿ ಒಂದು ಅಕ್ಷರ ತಪ್ಪಿತ್ತು. ಆ ರಾತ್ರಿಯೇ ಪರೀಕ್ಷಿಸಿದ್ದರಿಂದ ಉಳಿದುಕೊಂಡೆ. ಎರಡು ಪ್ರತಿ ಮಾಡಿ ಒಂದನ್ನು ಮನೆಯಲ್ಲಿಟ್ಟು, ಇನ್ನೊಂದನ್ನು ಲಕೋಟೆಗೆ ಹಾಕಿ ಅಂಟಿಸಿ ದೊಡ್ಡಪ್ಪನ ಬೀರುವಿಗೆ ಒಪ್ಪಿಸಿದ್ದೇನೆ. ಸಾಲದ ಸಂಗತಿಯ ನಂತರವೂ ಅವರು ಇಟ್ಟುಕೊಂಡರು.

ದಿನಬಳಕೆಗೆ ಹೈವ್ ಕೀಚೈನ್ ಎಂಬ ಸಾಧನವಿದೆ. ಬ್ರೌಸರಿಗೂ ಮೊಬೈಲಿಗೂ ಸಿಗುತ್ತದೆ. ಕೀಲಿಗಳನ್ನು ಅದರೊಳಗೆ ಒಮ್ಮೆ ಕೂರಿಸಿದರೆ ಪ್ರತಿ ತಾಣಕ್ಕೂ ಅಂಟಿಸುತ್ತಾ ಹೋಗುವ ಅಗತ್ಯವಿರುವುದಿಲ್ಲ. “ನಿಮಗೆ ಬಹುಮಾನ ಬಂದಿದೆ, ಇಲ್ಲಿ ಲಾಗಿನ್ ಆಗಿ” ಎಂದು ಟಿಪ್ಪಣಿಯಲ್ಲಿ ಬರುವ ಕೊಂಡಿಗಳು ಬಹುಪಾಲು ಕೀಲಿ ಕದಿಯುವ ನಕಲಿ ಪುಟಗಳು. ಹಾಗೆ ಕದ್ದವರು ಓನರ್ ಕೀಲಿಯನ್ನೇ ಬದಲಿಸಿಬಿಟ್ಟರೆ 30 ದಿನಗಳೊಳಗೆ, ಹಳೆಯ ಓನರ್ ಕೀಲಿ ನಿಮ್ಮ ಬಳಿ ಇದ್ದು, ನಿಮ್ಮ ರಿಕವರಿ ಖಾತೆಯವರು ಸಹಕರಿಸಿದರೆ, ಖಾತೆಯನ್ನು ಹಿಂದಕ್ಕೆ ಪಡೆಯಬಹುದು. ನಿಮ್ಮ ಖಾತೆಯನ್ನು ಸೃಷ್ಟಿಸಿಕೊಟ್ಟವರೇ ಸಾಮಾನ್ಯವಾಗಿ ರಿಕವರಿ ಖಾತೆಯಾಗಿರುತ್ತಾರೆ. ಅದು ಯಾರೆಂದು ಸೇರಿದ ವಾರದಲ್ಲೇ ನೋಡಿಕೊಳ್ಳಿ, ಬೇಕಾದರೆ ನಂಬಿಕೆಯ ಸದಸ್ಯರೊಬ್ಬರಿಗೆ ಬದಲಿಸಿ. ಕಳವಿಗೆ ಇಷ್ಟಾದರೂ ದಾರಿಯಿದೆ. ಕೀಲಿಯನ್ನು ನೀವೇ ಕಳೆದುಕೊಂಡರೆ ಏನೂ ಇಲ್ಲ.

ಮೊದಲ ಬರಹ ಮತ್ತು ಮೊದಲ ತಿಂಗಳು

ಪರಿಚಯದ ಬರಹದಿಂದ ಆರಂಭಿಸುವುದು ಅಲ್ಲಿಯ ವಾಡಿಕೆ. ಅದಕ್ಕೆಂದೇ ಒಂದು ಟ್ಯಾಗ್ ಇದೆ, ಹೊಸಬರನ್ನು ಹುಡುಕಿ ಮಾತನಾಡಿಸುವ ಹಳಬರೂ ಇದ್ದಾರೆ. “ನನ್ನ ಹೆಸರು ಇಂಥದ್ದು, ನಾನು ದಾವಣಗೆರೆಯವನು, ನನಗೆ ಕ್ರಿಪ್ಟೊದಲ್ಲಿ ಆಸಕ್ತಿ” ಎಂದು ಮೂರು ಸಾಲು ಬರೆದರೆ ಯಾರಿಗೂ ಏನೂ ಹತ್ತುವುದಿಲ್ಲ. ಕ್ರಿಪ್ಟೊ ಬಗ್ಗೆ ಬರೆಯುವವರು ಅಲ್ಲಿ ಬೇಕಾದಷ್ಟು ಜನರಿದ್ದಾರೆ. ಮಂಡಕ್ಕಿ ಭಟ್ಟಿಯ ಮುಂದೆ ನಿಂತು, ಕಾದ ಮರಳಿಗೆ ಉಪ್ಪು ಹಿಡಿದ ಅಕ್ಕಿ ಬೀಳುತ್ತಲೇ ಅರಳುವ ಸದ್ದು ಹೇಗಿರುತ್ತದೆ, ಜರಡಿಗೆ ಬಂದಾಗ ಮರಳು ಹೇಗೆ ಕೆಳಗಿಳಿದು ಮಂಡಕ್ಕಿ ಮೇಲುಳಿಯುತ್ತದೆ, ಆ ಶಾಖದಲ್ಲಿ ದಿನವಿಡೀ ನಿಲ್ಲುವವರ ಕಣ್ಣು ಹೇಗಿರುತ್ತದೆ ಎಂದು ಬರೆಯಬಲ್ಲವರು ಎಷ್ಟು ಮಂದಿ? ಅಷ್ಟು ದೂರದಿಂದ ಓದುವವರಿಗೆ ಅದು ಹೊಸದು. ಚಿತ್ರದುರ್ಗದ ಕಡೆಯವರಿಗಂತೂ ವಿಷಯಕ್ಕೆ ಬರವಿಲ್ಲ. ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಕೋಟೆ ನೋಡಲು ಬಂದವರಲ್ಲಿ ಬಹಳ ಮಂದಿ ಅಲ್ಲಿಗೆ ಹೋಗುವುದೇ ಇಲ್ಲ, ಹೋದವರಿಗೂ ಅದು ಕೆರೆಯ ವಿಷಯ ಹೇಳುತ್ತದೆಂದು ಗೊತ್ತಿರುವುದಿಲ್ಲ. ಹಿರಿಯೂರಿನವರು 1933ರ ನಂತರ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದ ದಿನಗಳನ್ನು ಬರೆಯಬಹುದು. ಫೋಟೊಗಳು ನಿಮ್ಮವೇ ಆಗಿರಲಿ, ಜನರ ಮುಖವಿದ್ದರೆ ಅವರನ್ನು ಕೇಳಿ ಹಾಕಿ.

ಕನ್ನಡದಲ್ಲಿ ಬರೆಯಬಹುದೇ ಎಂದು ಎಲ್ಲರೂ ಕೇಳುತ್ತಾರೆ. ಬರೆಯಬಹುದು, ಬರೆಯಬೇಕು, ಆದರೆ ಮತ ಹಾಕುವವರಲ್ಲಿ ಕನ್ನಡ ಓದುವವರು ಬೆರಳೆಣಿಕೆಯಷ್ಟು ಎಂಬುದು ನಾನು ಕಂಡದ್ದು. ಮೇಲೆ ಕನ್ನಡ ಇಟ್ಟು, ಕೆಳಗೆ ಅದೇ ವಿಷಯವನ್ನು ನಿಮಗೆ ಬರುವಷ್ಟು ಇಂಗ್ಲಿಷಿನಲ್ಲಿ ಹೇಳುವುದು ನಾನು ಅನುಸರಿಸುವ ದಾರಿ. ಆ ಇಂಗ್ಲಿಷ್ ಸ್ವಲ್ಪ ಮುಗ್ಗರಿಸಿದರೂ ಅಡ್ಡಿಯಿಲ್ಲ. ಯಂತ್ರದಿಂದ ಬರೆಸಿ ತಂದ ನುಣುಪು ಬರಹಕ್ಕೆ ಅಲ್ಲಿ ಮರ್ಯಾದೆಯಿಲ್ಲ. ಕೃತಿಚೌರ್ಯವನ್ನು ಹುಡುಕುವುದಕ್ಕೆಂದೇ ಗುಂಪುಗಳಿವೆ. ಬೇರೆಯವರ ಬರಹವನ್ನೋ ಚಿತ್ರವನ್ನೋ ಮೂಲ ಹೇಳದೆ ಹಾಕಿದರೆ ಡೌನ್‌ವೋಟ್ (ವಿರುದ್ಧ ಮತ) ಬಿದ್ದು ಪ್ರತಿಫಲ ಸೊನ್ನೆಗಿಳಿಯುತ್ತದೆ, ಹೆಸರಿಗೆ ಅಂಟಿದ ಮಸಿ ಹೋಗುವುದೂ ಇಲ್ಲ. ನಿಮ್ಮದೇ ಹಳೆಯ ಲೇಖನವನ್ನು ಮತ್ತೆ ಹಾಕುವುದಿದ್ದರೆ ಹಾಗೆಂದು ಮೇಲೆಯೇ ಬರೆದುಬಿಡಿ.

ವಿಷಯಕ್ಕೊಂದರಂತೆ ಸಮುದಾಯಗಳಿವೆ: ಅಡುಗೆ, ಛಾಯಾಚಿತ್ರ, ತೋಟಗಾರಿಕೆ, ಪ್ರವಾಸ. ಒಂದೊಂದಕ್ಕೂ ತನ್ನದೇ ನಿಯಮಗಳು. ಕೆಲವೆಡೆ ಕನಿಷ್ಠ ಇಷ್ಟು ಪದ, ಇಷ್ಟು ಚಿತ್ರ ಇರಬೇಕೆಂದೂ ಹೇಳಿರುತ್ತಾರೆ. ಬರೆಯುವ ಮೊದಲು ಒಂದು ವಾರ ಸುಮ್ಮನೆ ಓದುತ್ತಾ ಟಿಪ್ಪಣಿ ಹಾಕುತ್ತಿರಿ. ಹೊಸಬರ ಮತಕ್ಕೆ ಬೆಲೆಯೇ ಇರುವುದಿಲ್ಲ, ಏಕೆಂದರೆ ಮತದ ತೂಕ ಖಾತೆಯಲ್ಲಿ ಕಟ್ಟಿಟ್ಟ ನಾಣ್ಯಕ್ಕೆ, ಅಂದರೆ ಹೈವ್ ಪವರ್‌ಗೆ ತಕ್ಕಂತೆ ಇರುತ್ತದೆ. ಟಿಪ್ಪಣಿಯ ತೂಕ ಮಾತ್ರ ನಿಮ್ಮ ಕೈಯಲ್ಲಿದೆ. “ಚೆನ್ನಾಗಿದೆ, ನನ್ನದನ್ನೂ ನೋಡಿ” ಎಂಬುದು ಟಿಪ್ಪಣಿಯಲ್ಲ, ಭಿಕ್ಷೆ. ಕೇರಳದವರೊಬ್ಬರ ಅಡಿಕೆ ಬರಹದ ಕೆಳಗೆ ನಾನು ನಮ್ಮ ಕಡೆ ಬೇಯಿಸಿ ಕೆಂಪಡಿಕೆ ಮಾಡುವ ಬಗೆಯನ್ನು ಆರೇಳು ಸಾಲಿನಲ್ಲಿ ಬರೆದೆ. ಆ ವರ್ಷ ನನ್ನ ಬರಹಗಳನ್ನು ಬಿಡದೆ ಓದಿದವರು ಅಲ್ಲಿಂದಲೇ ಬಂದರು.

ಆರಂಭದಲ್ಲಿ ಒಂದು ಅಡಚಣೆ ಎದುರಾಗುತ್ತದೆ. ಬರೆಯುವುದಕ್ಕೂ ಮತ ಹಾಕುವುದಕ್ಕೂ ಶುಲ್ಕವಿಲ್ಲ, ಬದಲಿಗೆ ರಿಸೋರ್ಸ್ ಕ್ರೆಡಿಟ್ ಎಂಬುದು ಖರ್ಚಾಗುತ್ತದೆ. ಹೈವ್ ಪವರ್ ಕಡಿಮೆಯಿದ್ದಾಗ ನಾಲ್ಕಾರು ಟಿಪ್ಪಣಿಗಳಿಗೇ ಅದು ಮುಗಿದು, ಬರೆದದ್ದು ಹೋಗದೆ ನಿಲ್ಲಬಹುದು. ಕೆಟ್ಟುಹೋಯಿತೆಂದು ಗಾಬರಿಯಾಗಬೇಡಿ. ಅದು ಸೊನ್ನೆಯಿಂದ ಪೂರ್ತಿ ತುಂಬಲು 5 ದಿನ ಹಿಡಿಯುತ್ತದೆ; ಅಲ್ಲಿಯವರೆಗೆ ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು, ಇಲ್ಲವೇ ಸಮುದಾಯದವರನ್ನು ಕೇಳಿದರೆ ಯಾರಾದರೂ ಸ್ವಲ್ಪ ಎರವಲು ಕೊಡುತ್ತಾರೆ. ಮತದ ಶಕ್ತಿಯೂ ಹೀಗೆಯೇ: ಒಂದು ಪೂರ್ಣ ಮತಕ್ಕೆ ಶೇಕಡಾ 2ರಷ್ಟು ಖರ್ಚು, ದಿನಕ್ಕೆ ಶೇಕಡಾ 20ರಷ್ಟು ಮರುಪೂರಣ. ಅಂದರೆ ದಿನಕ್ಕೆ ಹತ್ತು ಪೂರ್ಣ ಮತ.

ಹಣದ ಮಾತು

ಬರಹದ ಕೆಳಗೆ ಡಾಲರ್ ಲೆಕ್ಕದಲ್ಲಿ ಒಂದು ಮೊತ್ತ ಕಾಣುತ್ತದೆ. ಅದು ನಿಮ್ಮದಲ್ಲ, ಇನ್ನೂ ಅಲ್ಲ. 7 ದಿನಗಳವರೆಗೆ ಮತಗಳಿಂದ ಅದು ಏರುತ್ತದೆ, ಇಳಿಯುತ್ತದೆ, ನಂತರವೇ ಪಾವತಿ. ಹಾಗೆ ಬಂದದ್ದರಲ್ಲಿ ಅರ್ಧ ಬರೆದವರಿಗೆ, ಇನ್ನರ್ಧ ಮತ ಹಾಕಿದವರಿಗೆ. 4 ಡಾಲರ್ ತೋರಿಸಿದರೆ ನಿಮ್ಮ ಪಾಲು ಸುಮಾರು 2. ನೀವು ಬೇರೆ ಆಯ್ಕೆ ಮಾಡದಿದ್ದರೆ, ಅದರಲ್ಲೂ ಅರ್ಧ ಎಚ್‌ಬಿಡಿ ಎಂಬ, ಒಂದು ಡಾಲರಿನ ಆಸುಪಾಸಿನಲ್ಲಿರುವಂತೆ ರೂಪಿಸಿದ ನಾಣ್ಯವಾಗಿ, ಉಳಿದರ್ಧ ಹೈವ್ ಪವರ್ ಆಗಿ ಬರುತ್ತದೆ. ಹೈವ್ ಪವರನ್ನು ಬಿಡಿಸಿಕೊಳ್ಳಲು ಪವರ್ ಡೌನ್ ಮಾಡಬೇಕು. ಅದು ವಾರಕ್ಕೊಂದು ಕಂತಿನಂತೆ 13 ವಾರಗಳಲ್ಲಿ ಕೈಸೇರುತ್ತದೆ. ಪಾವತಿಯ ಮೊತ್ತ 2 ಸೆಂಟನ್ನೂ ಮುಟ್ಟದಿದ್ದರೆ ಏನೂ ಬರುವುದಿಲ್ಲ. ಮೊದಲ ತಿಂಗಳುಗಳಲ್ಲಿ ಬಹಳ ಬರಹಗಳ ಗತಿ ಅದೇ. ಬೇಗ ಬೆಳೆಯಬೇಕೆಂದು ಕೈಯಿಂದ ಹಣ ಹಾಕಿ ಹೈವ್ ಕೊಳ್ಳುವವರಿದ್ದಾರೆ. ಅದರ ಬೆಲೆ ಮೆಣಸಿನಕಾಯಿ ಮಾರುಕಟ್ಟೆಗಿಂತ ಹೆಚ್ಚು ಹಾರಾಡುತ್ತದೆ, ಆದ್ದರಿಂದ ಹೊಸಬರಿಗೆ ನಾನು ಅದನ್ನು ಹೇಳುವುದಿಲ್ಲ. ಬರೆದು ಬಂದದ್ದನ್ನೇ ಪವರ್ ಆಗಿ ಬಿಟ್ಟರೆ ಸಾಕು.

ರೂಪಾಯಿ ಮಾಡಿಕೊಳ್ಳುವ ದಿನ ಬಂದಾಗ, ಭಾರತದ ಹಣಕಾಸು ಗುಪ್ತಚರ ಘಟಕದಲ್ಲಿ ನೋಂದಣಿಯಾದ ವಿನಿಮಯ ಕೇಂದ್ರವನ್ನೇ ಆರಿಸಿಕೊಳ್ಳಿ. ಪ್ಯಾನ್ ಮತ್ತು ಕೆವೈಸಿ ಕೇಳುತ್ತಾರೆ. ಇಂತಹ ಡಿಜಿಟಲ್ ಆಸ್ತಿಯನ್ನು ಮಾರಿದ ಲಾಭಕ್ಕೆ 2022ರ ಏಪ್ರಿಲ್ 1ರಿಂದ ಶೇಕಡಾ 30ರಷ್ಟು ತೆರಿಗೆ ಮತ್ತು ಅದರ ಮೇಲೆ ಸೆಸ್ ಜಾರಿಗೆ ಬಂತು. ಒಂದರಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲು ಅವಕಾಶವಿಲ್ಲ. ಅದೇ ವರ್ಷದ ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ಶೇಕಡಾ 1ರಷ್ಟು ಟಿಡಿಎಸ್ ಹಿಡಿಯುವ ನಿಯಮವೂ ಬಂತು. ಪ್ರತಿಫಲ ಬಂದ ತಾರೀಖು, ನಾಣ್ಯದ ಪ್ರಮಾಣ, ಆ ದಿನದ ದರ ಇಷ್ಟನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಡುತ್ತಾ ಬಂದರೆ ಆಡಿಟರ್ ಮುಂದೆ ಕುಳಿತಾಗ ತಡವರಿಸಬೇಕಾಗುವುದಿಲ್ಲ. ಯಾರಾದರೂ ಮೋಸ ಮಾಡಿ ರೂಪಾಯಿ ಎಳೆದುಕೊಂಡರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ವಿನಿಮಯ ಕೇಂದ್ರಕ್ಕೆ ಕಳುಹಿಸುವಾಗ ಗಮನಿಸಬೇಕಾದದ್ದು ಮೆಮೊ, ಅಂದರೆ ನಾಣ್ಯದ ಜೊತೆ ಹೋಗುವ ಚಿಕ್ಕ ಒಕ್ಕಣೆ. ಆ ಕೇಂದ್ರದ ಎಲ್ಲ ಗ್ರಾಹಕರ ಹೈವ್ ಒಂದೇ ಖಾತೆಗೆ ಹೋಗುತ್ತದೆ; ಇದು ಯಾರದು ಎಂದು ಗುರುತಿಸುವುದು ಮೆಮೊದಲ್ಲಿ ಹಾಕುವ ಸಂಖ್ಯೆಯಿಂದ ಮಾತ್ರ. ಅದನ್ನು ಬಿಟ್ಟರೆ ಹಣ ಯಾರ ಲೆಕ್ಕಕ್ಕೂ ಸೇರದೆ ನಿಲ್ಲುತ್ತದೆ. ಗುಟ್ಟಾಗಿ ಬರೆಯದ ಮೆಮೊ ಎಲ್ಲರಿಗೂ ಕಾಣುತ್ತದೆ, ಆದ್ದರಿಂದ ಕೇಂದ್ರ ಕೊಟ್ಟ ಸಂಖ್ಯೆಯ ಹೊರತು ಅಲ್ಲಿ ಬೇರೇನನ್ನೂ ಅಂಟಿಸಬೇಡಿ, ಕೀಲಿಯನ್ನಂತೂ ಮರೆತೂ ಅಂಟಿಸಬೇಡಿ. ಮೊದಲ ಸಲ ಆ ಕೇಂದ್ರ ಒಪ್ಪುವ ಕನಿಷ್ಠ ಮೊತ್ತವನ್ನಷ್ಟೇ ಕಳುಹಿಸಿ, ಅದು ನಿಮ್ಮ ಲೆಕ್ಕದಲ್ಲಿ ಕಾಣಿಸಿದ ಮೇಲೆ ಉಳಿದದ್ದನ್ನು ಕಳುಹಿಸಿ.